ಕ್ಯಾಪ್ಟನ್ ನೆಮೋ ಕಟ್ಟದ ನೀರಿನ ಕರ

ಧಾರವಾಡ ಜಿಲ್ಲೆಯಲ್ಲಿ ಹುಟ್ಟಿದವನಿಗೆ ‘ನಿಮ್ಮ ಮೆಚ್ಚಿನ ಲೇಖಕರು ಯಾರು’ ಎಂದು ಕೇಳುವುದು ಬರೀ ಉಪಚಾರ. ಉತ್ತರ ಬೇಂದ್ರೆ ಎಂಬುದು ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ತೀರಾ ಭಿನ್ನಮತ ತೋರಬೇಕೆನಿಸಿದರೆ ಕಾರ್ನಾಡ ಎನ್ನಬಹುದು, ಗೋಕಾಕ ಎನ್ನಬಹುದು. ಅಣ್ಣಿಗೇರಿಯವರಾದರೆ ಇವರನ್ನೆಲ್ಲ ಪಕ್ಕಕ್ಕೆ ಸರಿಸಿ, ಸಾವಿರ ವರ್ಷ ಹಿಂದಕ್ಕೆ ಹೋಗಿ, ಪಂಪ ನಮ್ಮಾಂವ ಎಂದು ಚಕ್ಕಳಮಕ್ಕಳ ಹಾಕಿ ಕೂತುಬಿಡುತ್ತಾರೆ. ಧಾರವಾಡದಲ್ಲಿ ಕಲ್ಲೊಗೆದರೆ ಸಾಹಿತಿಯ ಮನೆ ಮೇಲೇ ಬೀಳುತ್ತದೆ ಎಂಬ ಮಾತು ಹಳೆಯದು. ನಮ್ಮ ನವಲಗುಂದದ ಕಡೆ ಒಗೆದರೆ ಎರಿಹೊಲದಲ್ಲಿ ಬೀಳುತ್ತದೆ. ಮಳೆಗಾಲವಾದರೆ ಕಲ್ಲೂ ಸಿಗುವುದಿಲ್ಲ, ಹುಡುಕಲು ಹೋದವನ ಚಪ್ಪಲಿಯೂ ಸಿಗುವುದಿಲ್ಲ.

ಇಂಥ ನೆಲದಲ್ಲಿ ನನಗೆ ಹತ್ತಿದ್ದು ರಾಕೆಟ್ಟು, ರೋಬೋಟು, ಮಾಯದ ಉಂಗುರಗಳ ಹುಚ್ಚು. ಹುಬ್ಬಳ್ಳಿಯ ಹಳೇ ಪುಸ್ತಕದ ಅಂಗಡಿಗಳಲ್ಲಿ ಮುಖಪುಟ ಹರಿದ ಅಸಿಮೋವ್, ಕೊನೆಯ ಪುಟಗಳಿಲ್ಲದ ಜೂಲ್ಸ್ ವರ್ನ್, ಯಾರೋ ಕಾಲೇಜು ಹುಡುಗ ಗೆರೆ ಎಳೆದೆಳೆದು ಅರ್ಧಕ್ಕೆ ಬಿಟ್ಟ ವಾನೆಗಟ್ ಸಿಗುತ್ತಿದ್ದರು. ತಂದು ಅಟ್ಟದ ಮೇಲೆ ಜೋಳದ ಚೀಲಗಳ ಸಂದಿಯಲ್ಲಿಟ್ಟು ಓದಿದೆ. ಓದಿದ್ದು ದೊಡ್ಡದಲ್ಲ. ಓದಿದ್ದನ್ನು ಊರಿನವರ ಮುಂದೆ ಹೇಳಿ ದಕ್ಕಿಸಿಕೊಳ್ಳುವುದು ದೊಡ್ಡದು.

ತಾಲೂಕು ಸಾಹಿತ್ಯ ಸಮ್ಮೇಳನವೊಂದರ ಊಟದ ಸಾಲಿನಲ್ಲಿ ಹಿರಿಯರೊಬ್ಬರು ನನಗೂ ಆ ಉಪಚಾರದ ಪ್ರಶ್ನೆ ಕೇಳಿದರು. ಕೈಯಲ್ಲಿ ಗೋದಿ ಹುಗ್ಗಿಯ ತಾಟಿತ್ತು, ಎಲ್ಲಿಂದಲೋ ಧೈರ್ಯ ಬಂತು.

‘ಅಸಿಮೋವ್ ರೀ’ ಅಂದೆ.

‘ಯಾ ಊರವರು?’

ತಪ್ಪು ಅವರದಲ್ಲ. ನಮ್ಮ ಕಡೆ ಅಡ್ಡಹೆಸರು ಗೊತ್ತಾದರೆ ಅರ್ಧ ಜಾತಕ ಗೊತ್ತಾದ ಹಾಗೆ. ಕೆಲವರದು ಊರು, ಕೆಲವರದು ಮಠ, ಇನ್ನು ಕೆಲವರದು ವ್ಯಾಪಾರ: ಬೆಲ್ಲದ, ಉಳ್ಳಾಗಡ್ಡಿ, ಮೆಣಸಿನಕಾಯಿ. ಅಸಿಮೋವ್ ಇದರಲ್ಲಿ ಯಾವುದಕ್ಕೂ ಹೊಂದುವಂತೆ ಕಾಣಲಿಲ್ಲ. ಆದರೆ ನಾನು ಅಭಿಮಾನಿ, ತಯಾರಾಗಿಯೇ ಇದ್ದೆ. ಅವರ ಮುತ್ತಜ್ಜ ರಷ್ಯಾದಲ್ಲಿ ಚಳಿಗಾಲದ ಬೆಳೆಯ ಕಾಳು ಮಾರುತ್ತಿದ್ದ, ಅದರಿಂದಲೇ ಮನೆತನಕ್ಕೆ ಆ ಹೆಸರು ಬಂತು ಎಂದೆ. ಹಿರಿಯರ ಮುಖ ತಿಳಿಯಾಯಿತು. ‘ಹಾಂ, ಹಿಂಗಾರಿ ಕಾಳಿನ ವ್ಯಾಪಾರಸ್ಥರು! ಮತ್ತ ಅದನ್ನ ಮೊದಲ ಹೇಳಬಾರದ?’ ಮೂರು ವರ್ಷದ ಮಗುವಾಗಿದ್ದಾಗ ಆತನನ್ನು ಕಟ್ಟಿಕೊಂಡು ಮನೆಯವರು ಅಮೆರಿಕಕ್ಕೆ ಹೋದದ್ದು, ಅಲ್ಲಿ ಅಪ್ಪ ಪೆಪ್ಪರಮೆಂಟು, ಪೇಪರು ಮಾರುವ ಅಂಗಡಿ ಇಟ್ಟದ್ದು, ಹುಡುಗ ಅದೇ ಅಂಗಡಿಯಲ್ಲಿ ನೇತುಹಾಕಿದ ಪತ್ರಿಕೆಗಳನ್ನು ಓದಿ ಕೆಟ್ಟದ್ದು, ಇಷ್ಟು ಹೇಳುವಷ್ಟರಲ್ಲಿ ಅಸಿಮೋವ್ ಅಣ್ಣಿಗೇರಿ ಸ್ಟೇಶನ್ನಿನಲ್ಲಿ ಇಳಿದು ನಡೆದುಕೊಂಡು ಬರುತ್ತಿದ್ದಾನೆ ಎನ್ನುವಷ್ಟು ಹತ್ತಿರದವನಾಗಿದ್ದ.

ಹಾಗೆ ನೋಡಿದರೆ ಆತನ ‘ಫೌಂಡೇಶನ್’ ಅರ್ಥವಾಗಲು ನಮ್ಮ ಜಿಲ್ಲೆಯವರಿಗೆ ಪೀಠಿಕೆಯೇ ಬೇಡ. ಯುಗಾದಿ ಅಮಾವಾಸ್ಯೆಯ ದಿನ ಧಾರವಾಡ ತಾಲೂಕಿನ ಹನುಮನಕೊಪ್ಪದವರು ತುಪ್ಪರಿಹಳ್ಳದ ದಂಡೆಯಲ್ಲಿ ಮಣ್ಣಿನ ಬೊಂಬೆ ಮಾಡಿ, ಕಾಳುಕಡಿ ಇಟ್ಟು ಬರುತ್ತಾರೆ. ಮರುದಿನ ನಸುಕಿನಲ್ಲಿ ಹೋಗಿ, ಯಾವ ಬೊಂಬೆಗೆ ಏನಾಗಿದೆ, ಯಾವ ಕಾಳು ಚದುರಿದೆ ನೋಡಿ ಆ ವರ್ಷದ ಮಳೆ, ಬೆಳೆ, ರಾಜಕಾರಣ ಮೂರನ್ನೂ ಒಂದೇ ಉಸಿರಿಗೆ ಹೇಳುತ್ತಾರೆ. ಅಸಿಮೋವ್‌ನ ಹರಿ ಸೆಲ್ಡನ್ ಮಾಡುವುದೂ ಇದನ್ನೇ, ಬೊಂಬೆಯ ಬದಲು ಗಣಿತ ಇಟ್ಟುಕೊಂಡು. ಒಬ್ಬ ಮನುಷ್ಯನ ಮುಂದಿನ ಗತಿ ಹೇಳಲಾಗದು, ಕೋಟಿಗಟ್ಟಲೆ ಜನರದಾದರೆ ಹೇಳಬಹುದು ಎಂಬುದು ಸೆಲ್ಡನ್ನನ ಸೂತ್ರ. ಬೊಂಬೆಗಳೂ ಅಷ್ಟೇ ಜಾಣ. ಮೂಡಣ ದಿಕ್ಕಿಗೆ ಮಳೆ ಚಲೋ ಎನ್ನುತ್ತವೆಯೇ ಹೊರತು ನಿನ್ನ ನಾಲ್ಕೆಕರೆಗೆ ಚಲೋ ಎಂದು ಎಂದೂ ಬಾಯಿಬಿಡುವುದಿಲ್ಲ. ಸೆಲ್ಡನ್ನನ ಲೆಕ್ಕವನ್ನೆಲ್ಲ ಬುಡಮೇಲು ಮಾಡಲು ಕಥೆಯಲ್ಲಿ ಮ್ಯೂಲ್ ಎಂಬೊಬ್ಬ ಬರುತ್ತಾನೆ. ನಮ್ಮಲ್ಲಿ ಆ ಕೆಲಸವನ್ನು ಉಳ್ಳಾಗಡ್ಡಿ ದರ ಮಾಡುತ್ತದೆ.

ಅಡ್ಡಹೆಸರಿನ ತನಿಖೆಯಲ್ಲಿ ಒಂದೇ ಏಟಿಗೆ ಪಾಸಾದವರೆಂದರೆ ರಾಜಶೇಖರ ಭೂಸನೂರಮಠರು. ಕನ್ನಡದಲ್ಲಿ ವೈಜ್ಞಾನಿಕ ಕಥೆ ಎಂದರೆ ಏನೆಂದು ಕೇಳುವವರೇ ಕಡಿಮೆ ಇದ್ದ ಕಾಲದಲ್ಲಿ ಅದನ್ನು ನಂಬಿ ಬರೆದವರು. ಬಾಳ ಫೋಂಡ್ಕೆ ಸಂಪಾದಿಸಿ 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಹೊರತಂದ ಭಾರತೀಯ ವೈಜ್ಞಾನಿಕ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಇವರ ಶುಕ್ರಗ್ರಹದ ಹೆಸರಿನ ಕಥೆಯೂ ಇದೆ. ಹೆಸರು ಕೇಳಿದ ಕೂಡಲೇ ನಮ್ಮವರು ‘ಹೌದೇನ್ರಿ’ ಎಂದು ಖುಷಿಪಡುತ್ತಾರೆ. ಪುಸ್ತಕ ತಂದುಕೊಟ್ಟರೆ ‘ಇಡು, ಸುಗ್ಗಿ ಮುಗದ ಮ್ಯಾಲ ಓದ್ತೀನಿ’ ಎನ್ನುತ್ತಾರೆ. ಯಾವ ಸುಗ್ಗಿ ಎಂದು ಹೇಳುವುದಿಲ್ಲ.

ಆದರೂ ಕಟ್ಟೆಯ ಮೇಲೆ ಪಟ್ಟಾಭಿಷೇಕವಾದದ್ದು ಫ್ರಾನ್ಸಿನ ವರ್ನ್‌ಗೆ. ಹಣಮಪ್ಪನ ಗುಡಿ ಕಟ್ಟಿ, ಸಂಜೀ ಹೊತ್ತು. ನಮ್ಮ ಕಾಕಾ, ರಿಟೈರಾದ ಮಾಸ್ತರು, ಇನ್ನು ನಾಲ್ಕು ಮಂದಿ. ನಾನು ಕ್ಯಾಪ್ಟನ್ ನೆಮೋನ ಕಥೆ ಎತ್ತಿದೆ. 1870ರ ಪುಸ್ತಕದಲ್ಲಿ ಇಂವ ಯಾರು, ಎಲ್ಲಿಯವ ಎಂಬುದೇ ತಿಳಿಯುವುದಿಲ್ಲ. ನಾಟಿಲಸ್ ಎಂಬ ಜಲಾಂತರ್ಗಾಮಿಯಲ್ಲಿ ಕೂತು ಸಮುದ್ರದ ತಳದಲ್ಲಿ ತಿರುಗುತ್ತಾನೆ. ಐದು ವರ್ಷ ಬಿಟ್ಟು ಬಂದ ‘ಮಿಸ್ಟೀರಿಯಸ್ ಐಲ್ಯಾಂಡ್’ನಲ್ಲಿ ಗುಟ್ಟು ಬಿಚ್ಚುತ್ತದೆ: ಇವನು ಬುಂದೇಲಖಂಡದ ರಾಜಕುಮಾರ ಡಕ್ಕರ್, ಟಿಪ್ಪು ಸುಲ್ತಾನನಿಗೆ ಸಂಬಂಧದಲ್ಲಿ ಅಳಿಯ, 1857ರ ದಂಗೆಯಲ್ಲಿ ಬ್ರಿಟಿಷರ ವಿರುದ್ಧ ಕಾದಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು.

ಮಾಸ್ತರು ಸುಮ್ಮನೆ ಕೂಡುವವರಲ್ಲ. ‘ಟಿಪ್ಪು ಹೋಗಿದ್ದು 1799. ನಿನ್ನ ರಾಜಕುಮಾರ ಹುಟ್ಟಿದ್ದು ಯಾವಾಗ?’ ಕಥೆಯ ಪ್ರಕಾರ ವಿಲಾಯತಿಯಲ್ಲಿ ಓದಿ 1849ರಲ್ಲಿ ಊರಿಗೆ ಬಂದಾಗ ಅವನಿಗೆ ಮೂವತ್ತು. ಮಾಸ್ತರು ಬೆರಳೆಣಿಸಿ, ‘ಅಂದ್ರ ಇಂವ ಹುಟ್ಟೂದಕ್ಕ ಇಪ್ಪತ್ತು ವರ್ಷ ಮೊದಲ ಮಾವ ತೀರಿಕೊಂಡಾನ. ಇರಲಿ. ಮೈಸೂರಿಗೂ ಬುಂದೇಲಖಂಡಕ್ಕೂ ಬೀಗತನ ಹೆಂಗಾತು? ಹೆಣ್ಣಿನ ಕಡಿಂದೋ, ಗಂಡಿನ ಕಡಿಂದೋ?’ ಎಂದರು. ವರ್ನ್ ಅದನ್ನು ಬರೆದಿಲ್ಲ. ಫ್ರಾನ್ಸಿನಲ್ಲಿ ಕಟ್ಟೆಗಳಿರಲಿಲ್ಲವೋ ಏನೋ, ಯಾರೂ ಕೇಳಿದ ಹಾಗೂ ಕಾಣುವುದಿಲ್ಲ.

ಕಾಕಾನಿಗೆ ಬೀಗತನ ಬೇಕಿರಲಿಲ್ಲ. ಬಂಡಾಯ ಅಂದಕೂಡಲೇ ಅವನ ಕಿವಿ ನೆಟ್ಟಗಾಗಿತ್ತು. ಪಕ್ಕದ ನರಗುಂದದ ಬಾಬಾಸಾಹೇಬ 1858ರಲ್ಲಿ ಇಂಗ್ಲಿಷರ ಮೇಲೆ ಎದ್ದು ಬೆಳಗಾವಿಯಲ್ಲಿ ಗಲ್ಲಿಗೇರಿದ ಕಥೆ ಕೇಳುತ್ತ ಬೆಳೆದವನು ಅವನು. ಮುಂದೆ 1980ರ ಜುಲೈ 21ರಂದು ನವಲಗುಂದದಲ್ಲಿ, ನರಗುಂದದಲ್ಲಿ ಗೋಲೀಬಾರು ಆದಾಗ ಹರೆಯದ ಹುಡುಗ. ಮಲಪ್ರಭೆಯ ಕಾಲುವೆ ನೀರು ಹೊಲಕ್ಕೆ ಸರಿಯಾಗಿ ಬರುವ ಮೊದಲೇ ಅಭಿವೃದ್ಧಿ ಕರ, ನೀರಿನ ಕರ ಮನೆ ಬಾಗಿಲಿಗೆ ಬಂದಿತ್ತು ಎಂಬುದು ಅವನ ಪ್ರಕಾರ ನಿನ್ನೆ ಮೊನ್ನೆಯ ಮಾತು. ಬಹಳ ಹೊತ್ತು ಎಲೆ ಅಡಿಕೆ ಅಗಿದು ಕೇಳಿದ:

‘ಸಮುದ್ರದ ಬುಡಕ್ಕ ಇದ್ದಾ ಅಂದಿ. ಸುತ್ತೂಕಡೆ ನೀರು. ನೀರಿನ ಕರ ಯಾರಿಗೆ ಕಟ್ತಿದ್ದ?’

‘ಯಾರಿಗೂ ಕಟ್ತಿದ್ದಿಲ್ಲ ಕಾಕಾ. ಅಂವ ಯಾ ಸರಕಾರಾನೂ ಒಪ್ಪತಿದ್ದಿಲ್ಲ.’

‘ಕರೆಂಟು?’

‘ಸಮುದ್ರದ ನೀರಿನಾಗಿನ ಸೋಡಿಯಂ ತಗದು ತಾನ ಮಾಡ್ಕೋತಿದ್ದ.’

‘ಎಷ್ಟು ತಾಸು?’

‘ಇಪ್ಪತ್ನಾಲ್ಕೂ ತಾಸು.’

ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ತಾಸಿನ ತ್ರೀ ಫೇಸ್ ಎಂಬ ಮಾತು ನಂಬಿ ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಹೊಲಕ್ಕೆ ಹೋಗುವ ಮಂದಿ ಅದು. ಕಟ್ಟೆಯ ಮೇಲೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಕಾಕಾ ತೀರ್ಪು ಕೊಟ್ಟ: ‘ಅಂವ ನಮ್ಮಾಂವ.’

ನೆಮೋನನ್ನು ವರ್ನ್ ಮೊದಲು ಪೋಲೆಂಡಿನವನೆಂದು ಎಣಿಸಿದ್ದ, ರಷ್ಯಾದಲ್ಲಿ ಪುಸ್ತಕ ಮಾರಾಟಕ್ಕೆ ಅಡ್ಡಿಯಾದೀತೆಂದು ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ ಎಂಬ ಸಂಗತಿಯನ್ನು ನಾನು ಕಟ್ಟೆಯಲ್ಲಿ ಹೇಳಲಿಲ್ಲ. ಸಿಕ್ಕ ನೆಂಟನನ್ನು ಯಾಕೆ ಕಳೆದುಕೊಳ್ಳಬೇಕು?

ದೊಡ್ಡ ಪಂಡಿತರು ವೈಜ್ಞಾನಿಕ ಕಥೆಗಳನ್ನು ನಂಬಲಾಗದೆಂದು ಬದಿಗಿಡುತ್ತಾರೆ. ನಮ್ಮ ಊರಲ್ಲಿ ಆ ತಕರಾರೇ ಬರುವುದಿಲ್ಲ. ಮನುಷ್ಯ ಮಂಗಳಕ್ಕೆ ಹೋದ ಎಂದರೆ ‘ಹೋಗಿರಬೇಕು’ ಎನ್ನುತ್ತಾರೆ. ಅಲ್ಲಿ ಬುತ್ತಿ ಏನು ಒಯ್ದ, ಹೊಲ ಯಾರು ನೋಡಿಕೊಂಡರು, ಇದರ ಉತ್ತರ ಮಾತ್ರ ಗಟ್ಟಿ ಇರಬೇಕು. ಇದಕ್ಕಿಂತ ಕಠಿಣ ವಿಮರ್ಶೆ ನಾನು ಯಾವ ಪತ್ರಿಕೆಯಲ್ಲೂ ಓದಿಲ್ಲ.

ಅವ್ವನದು ಬೇರೆ ದಾರಿ. ಟೋಲ್ಕಿನ್‌ನ ಮೂರು ಸಂಪುಟಗಳ ಕಥೆಯನ್ನು ಮೆಣಸಿನಕಾಯಿ ತೊಟ್ಟು ಬಿಡಿಸುವ ಹೊತ್ತಿನಲ್ಲಿ ಹೇಳಿ ಮುಗಿಸಿದೆ. ದುಷ್ಟ ಸೌರಾನ್ ತನ್ನ ಶಕ್ತಿಯ ಬಹುಪಾಲನ್ನು ಉಂಗುರದಲ್ಲಿಟ್ಟಿದ್ದ, ಅದನ್ನು ಬೆಂಕಿಗೆ ಹಾಕಿದರಷ್ಟೇ ಅವನ ಅಂತ್ಯ. ‘ಏಳು ಸಮುದ್ರದ ಆಚಿ ಗಿಳಿಯೊಳಗ ಜೀವ ಇಟ್ಟಿದ್ನಲ್ಲ ರಾಕ್ಷಸ, ಅದ ಕಥಿ. ಗಿಳಿ ಬಿಟ್ಟು ಉಂಗರ ಮಾಡ್ಯಾನ’ ಅಂದಳು. ಆಕೆಗೆ ಚಂದಮಾಮದ ಮುಂದೆ ಎಲ್ಲವೂ ಸಪ್ಪೆ. ಶಂಕರ್ ಬರೆದ ಬೇತಾಳದ ಚಿತ್ರ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಮಾಂತ್ರಿಕರು, ಎರಡು ತಲೆಯ ಪ್ರಾಣಿಗಳು ತುಂಬಿದ್ದ ಧಾರಾವಾಹಿಗಳ ಕಥೆ ಬಾಯಿಪಾಠ. ಅವುಗಳಲ್ಲಿ ಎಷ್ಟನ್ನೋ ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ. ದಶಕಗಟ್ಟಲೆ ಬರೆದರೂ ಪುಟದ ಮೇಲೆ ಹೆಸರಿಲ್ಲ. ನನ್ನ ಅವ್ವನ ಅತಿ ಮೆಚ್ಚಿನ ಲೇಖಕರು ಯಾರೆಂದು ಅವ್ವನಿಗೇ ಗೊತ್ತಿರಲಿಲ್ಲ, ನಾನು ಹೇಳಿದ ಮೇಲೂ ಅಂಥ ವ್ಯತ್ಯಾಸವೇನೂ ಕಾಣಲಿಲ್ಲ. ಅಡ್ಡಹೆಸರು ಸಹ ವಿಚಾರಿಸಲಿಲ್ಲ.

ವಾನೆಗಟ್ ನಮ್ಮ ಮನೆಗೆ ಬಂದದ್ದು ಮೋಡದ ದಾರಿಯಲ್ಲಿ. ಮಳೆ ಕೈಕೊಟ್ಟ ವರ್ಷಗಳಲ್ಲಿ ಸರಕಾರ ಮೋಡ ಬಿತ್ತನೆ ಮಾಡಿಸಿದ್ದುಂಟು: 2003ರಲ್ಲಿ ವರುಣ ಎಂಬ ಹೆಸರು, 2017ರಲ್ಲಿ ವರ್ಷಧಾರಿ. 2019ರಲ್ಲಿ ವಿಮಾನ ಹುಬ್ಬಳ್ಳಿಗೇ ಬಂತು. ಅದೇ ಆಗಸ್ಟಿನಲ್ಲಿ ಇಡೀ ಉತ್ತರ ಕರ್ನಾಟಕಕ್ಕೆ ಮಹಾಪೂರ ಬಂದು ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದವು, ಮನೆಗಳು ಬಿದ್ದವು. ಅಷ್ಟು ದೊಡ್ಡ ಮಳೆ ಒಂದು ಸಣ್ಣ ವಿಮಾನದ ಕೆಲಸವಲ್ಲ ಎಂದು ಎಷ್ಟು ಹೇಳಿದರೂ ಕಾಕಾ ಒಪ್ಪುವುದಿಲ್ಲ. ‘ಬಿತ್ತಿದಾಂವಗ ಕೂರಗಿ ಹಿಡ್ಯಾಕ ಬಂದಿಲ್ಲ. ಬೀಜ ದಟ್ಟ ಬಿದ್ದಾವು’ ಎಂಬುದು ಅವನ ವಾದ.

ಮೋಡಕ್ಕೆ ಬಿತ್ತುವುದು ಏನು ಎಂದು ಕೇಳಿದ. ಬೆಳ್ಳಿಯ ಅಯೋಡೈಡ್ ಎಂದೆ. ‘ಬೆಳ್ಳಿ!’ ಎಂದು ಎದ್ದು ಕೂತ. ಮೋಡದೊಳಗಿನ ಸಣ್ಣ ಹನಿಗಳು ಸೊನ್ನೆ ಡಿಗ್ರಿಗಿಂತ ಕೆಳಗೆ ಹೋದರೂ ಎಷ್ಟೋ ಸಲ ಗಟ್ಟಿಯಾಗದೆ ನೀರಾಗೇ ಇರುತ್ತವೆ. ಈ ಹರಳಿನ ರಚನೆ ಹೆಚ್ಚುಕಡಿಮೆ ಮಂಜುಗಡ್ಡೆಯದೇ ಇರುವುದರಿಂದ ಹನಿಗಳು ಅದಕ್ಕೆ ಹತ್ತಿಕೊಂಡು ಗಟ್ಟಿಯಾಗಿ, ಭಾರವಾಗಿ ಕೆಳಗಿಳಿಯುತ್ತವೆ. ಕಾಕಾ ಅರೆಗಳಿಗೆ ಯೋಚಿಸಿ, ‘ಹಾಲಿಗೆ ಹೆಪ್ಪು ಹಾಕಿದಂಗ’ ಅಂದ. ಇಷ್ಟು ಚೊಕ್ಕವಾಗಿ ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ಆ ಹೆಪ್ಪನ್ನು 1946ರಲ್ಲಿ ಕಂಡುಹಿಡಿದವನು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬರ್ನಾರ್ಡ್ ವಾನೆಗಟ್, ಕಥೆಗಾರ ಕರ್ಟ್ ವಾನೆಗಟ್‌ನ ಖಾಸಾ ಅಣ್ಣ. ಅಲ್ಲಿನ ನೊಬೆಲ್ ವಿಜ್ಞಾನಿ ಲ್ಯಾಂಗ್ಮ್ಯೂರ್, 1930ರ ದಶಕದಲ್ಲಿ ಎಚ್. ಜಿ. ವೆಲ್ಸ್ ಬಂದಾಗ, ಮಾಮೂಲಿ ಶಾಖದಲ್ಲೇ ಗಟ್ಟಿಯಾಗುವ ನೀರಿನ ಕಲ್ಪನೆಯೊಂದನ್ನು ಕಥೆಗೆಂದು ಕೊಟ್ಟಿದ್ದನಂತೆ. ವೆಲ್ಸ್ ಬರೆಯಲಿಲ್ಲ. ಅದೇ ಎಳೆ ಹಿಡಿದು ಕರ್ಟ್ 1963ರಲ್ಲಿ ‘ಕ್ಯಾಟ್ಸ್ ಕ್ರೇಡಲ್’ ಬರೆದ. ಅದರಲ್ಲಿ ಐಸ್-ನೈನ್ ಎಂಬ ಹರಳಿನ ಒಂದು ಚೂರು ಸಮುದ್ರಕ್ಕೆ ಬಿದ್ದು ಲೋಕದ ನೀರೆಲ್ಲ ಗಡ್ಡೆಕಟ್ಟುತ್ತದೆ. ಅಣ್ಣ ಮಳೆ ಬರಿಸಲು ಹೊರಟ, ತಮ್ಮ ಅದೇ ವಿದ್ಯೆಯಿಂದ ಜಗತ್ತು ಮುಗಿಸಿದ. ನನ್ನ ಲೆಕ್ಕದಲ್ಲಿ ಉಳಿದವರೆಲ್ಲ ಈ ತಮ್ಮನಿಗಿಂತ ಒಂದು ಗೇಣು ಕೆಳಗೆ, ಯಾಕೆಂದರೆ ಲೋಕ ಮುಳುಗಿಸುವಾಗಲೂ ನಗಿಸುವ ಛಾತಿ ಅವನೊಬ್ಬನಿಗೇ ಇತ್ತು.

‘ಅಣ್ಣತಮ್ಮರು ಕೂಡೇ ಇದ್ರೋ, ಬ್ಯಾರೆ ಆಗಿದ್ರೋ?’ ಕಾಕಾನ ಮೊದಲ ಪ್ರಶ್ನೆ.

‘ಒಂದ ಕಂಪನಿಯೊಳಗ ಇದ್ರು. ತಮ್ಮಗ ಅಲ್ಲಿ ನೌಕರಿಗೆ ದಾರಿ ಮಾಡಿದಾಂವ ಅಣ್ಣನ. 1951ಕ್ಕ ಅದನ್ನ ಬಿಟ್ಟು ಕಥಿ ಬರಿಯಾಕ ಹ್ವಾದ.’

‘ಅಣ್ಣ ಹಚ್ಚಿಸಿದ ನೌಕರಿ ಬಿಟ್ಟು?’

‘ಹೌದು.’

‘ಕಥಿ ಬರಿಯಾಕ?’

ಕಾಕಾ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಪಡಸಾಲೆಯ ಮುಂದೆ ಎಣ್ಣೆ ಹೊಡೆಯುವ ಸ್ಪ್ರೇಯರ್ ತೊಳೆಯುತ್ತಿದ್ದ ನನ್ನ ಅಣ್ಣ ಜನ್ಮದಲ್ಲಿ ಮೊದಲ ಸಲ ಅಮೆರಿಕದ ಸಾಹಿತ್ಯದಲ್ಲಿ ಆಸಕ್ತಿ ತೋರಿಸಿ, ನಳ ಬಂದ್ ಮಾಡಿ, ‘ಆಮ್ಯಾಲ ಅಂವಗ ಪಾಲು ಕೊಟ್ರೋ, ಇಲ್ಲೋ?’ ಅಂದ.