ನಮ್ಮನೆ ಗೈಸು

ಅಮೆರಿಕದಲ್ಲಿ ಗಂಡಸು ಎನ್ನುವ ಪ್ರಾಣಿಗೆ ಇರುವ ಅತಿ ಅಗ್ಗದ ಹೆಸರು ‘ಗೈ’. ನಲ್ಲಿ ರಿಪೇರಿಯವನು ಗೈ, ಪೀಜಾ ತರುವವನು ಗೈ, ಚುನಾವಣೆಗೆ ನಿಂತವನೂ ಗೈ. ಇಷ್ಟು ಸಾಧು ಪದದ ಮೂಲಪುರುಷ ಮಾತ್ರ ಪಾರ್ಲಿಮೆಂಟಿಗೇ ಮದ್ದು ಇಡಲು ಹೊರಟವನು. 1605ರ ನವೆಂಬರ್ 5ರ ನಸುಕಿನಲ್ಲಿ, ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಕೆಳಗಿನ ನೆಲಮಾಳಿಗೆಯಲ್ಲಿ 36 ಪೀಪಾಯಿ ಕೋವಿಮದ್ದಿನ ಕಾವಲಿಗಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ರಾಜ ಉಳಿದ, ಫಾಕ್ಸ್ ಮುಂದಿನ ಜನವರಿಯಲ್ಲಿ ಹೋದ. ವರ್ಷಾವರ್ಷ ಆ ರಾತ್ರಿ ಬೆಂಕಿ ಹಾಕುವುದು ರೂಢಿಯಾಗಿ, ಹರಕು ಅಂಗಿ ತೊಡಿಸಿದ ಅವನ ಬೊಂಬೆಯೂ ಬೆಂಕಿಗೆ ಬಿತ್ತು. ಆ ಬೊಂಬೆಯ ಹೆಸರೇ ‘ಗೈ’. ಅದನ್ನು ಬೀದಿಯಲ್ಲಿ ಕೂರಿಸಿಕೊಂಡು ಮಕ್ಕಳು ‘ಗೈಗೊಂದು ಪೆನ್ನಿ’ ಎಂದು ಕಾಸೆತ್ತುತ್ತಿದ್ದರು, ನಮ್ಮ ಕಡೆ ಹುಡುಗರು ಕಾಮಣ್ಣನ ಹೆಸರಲ್ಲಿ ಚಂದಾ ಎತ್ತಿ, ಜೊತೆಗೆ ಕಂಡವರ ಹಿತ್ತಲಿನ ಸೌದೆಯನ್ನೂ ಎಗರಿಸುವ ಹಾಗೆ. ಬರಬರುತ್ತ ಚಿಂದಿ ವೇಷದವರೆಲ್ಲ ‘ಗೈ’ ಆದರು. ಪದ ಅಮೆರಿಕಕ್ಕೆ ಬಂದ ಮೇಲೆ ಸೂಟು ಹಾಕಿದವರೂ ಆದರು. ಭಾನುವಾರ ಬೆಳಿಗ್ಗೆ ನಮ್ಮ ಯಜಮಾನರನ್ನು ನೋಡಿದರೆ ಹಳೆಯ ಅರ್ಥವೇ ಸರಿ ಅನಿಸುತ್ತದೆ.

ಗಂಡಸರಿಗೆ ಮಾತ್ರ ಅಂಟಿದ್ದರೆ ನಮ್ಮತ್ತೆ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವರು ಹಾಸನದ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಪಿಟ್ಸ್‌ಬರ್ಗಿನ ವೆಂಕಟೇಶ್ವರ ದೇವಸ್ಥಾನದಿಂದ ಬರುವಾಗ ಕಾಫಿಗೆಂದು ನಿಂತೆವು. ರೇಷ್ಮೆ ಸೀರೆ, ಮೂಗುಬೊಟ್ಟು, ಕಾಸಗಲ ಕುಂಕುಮದಲ್ಲಿ ಕೂತಿದ್ದ ಅತ್ತೆಯನ್ನೂ ಪಕ್ಕದಲ್ಲಿದ್ದ ನನ್ನನ್ನೂ ನೋಡಿ ವೇಟ್ರೆಸ್ ಹುಡುಗಿ, “ಹೌ ಆರ್ ಯೂ ಗೈಸ್ ಡೂಯಿಂಗ್?” ಎಂದಳು.

“ಏನಂದ್ಲು?”

“ಹೇಗಿದ್ದೀರಿ ಅಂದ್ಲು ಅತ್ತೆ.”

“ಅದು ಗೊತ್ತಾಯ್ತು. ಗೈಸ್ ಅಂದ್ಲಲ್ಲ, ನಾನೇನು ಮೀಸೆ ಬಿಟ್ಕೊಂಡು ಕೂತಿದೀನಾ?”

ಸಮಾಧಾನ ಹೇಳಲು ಹೋಗಿ ಇಡೀ ವ್ಯಾಕರಣವನ್ನೇ ಬಿಚ್ಚಬೇಕಾಯಿತು. ಇಂಗ್ಲಿಷಿನವರಿಗೂ ಒಂದು ಕಾಲಕ್ಕೆ ‘ನೀನು’ ಇತ್ತು, ‘ದೌ’ ಎಂದು. ‘ಯೂ’ ಎನ್ನುವುದು ನಮ್ಮ ‘ನೀವು’. ಮರ್ಯಾದೆ ಹೆಚ್ಚಾಗಿ ಸಿಕ್ಕಸಿಕ್ಕವರನ್ನೆಲ್ಲ ‘ನೀವು’ ಅನ್ನುತ್ತ ‘ನೀನು’ ಮೂಲೆ ಸೇರಿತು. ಆಮೇಲೆ ನೋಡಿದರೆ ಒಬ್ಬನನ್ನು ಕರೆದರೋ ಹತ್ತು ಜನರನ್ನೋ ತಿಳಿಯದು. ದಕ್ಷಿಣದ ರಾಜ್ಯದವರು ‘ಯಾಲ್’ ಎಂದು ಕಟ್ಟಿಕೊಂಡರು, ನಮ್ಮ ಪಿಟ್ಸ್‌ಬರ್ಗಿನ ಹಳಬರು ‘ಯಿನ್ಸ್’ ಎಂದರು, ಉಳಿದವರು ‘ಗೈಸ್’ ತಗುಲಿಸಿದರು.

ಅತ್ತೆ ಕಾಫಿ ಗುಟುಕರಿಸಿ ತೀರ್ಪು ಕೊಟ್ಟರು: “ಹಾಗಿದ್ರೆ ಅದು ಗಂಡಸಲ್ಲ ಕಣೆ, ಪ್ರತ್ಯಯ. ನಮ್ಮ ‘ಗಳು’ ಇದ್ದ ಹಾಗೆ. ನಪುಂಸಕಲಿಂಗ.” ಅಂದಿನಿಂದ ಯಾವ ಅಂಗಡಿಯಲ್ಲಿ ಯಾರು ಗೈಸ್ ಅಂದರೂ ಅವರಿಗೆ ಬೇಸರವಿಲ್ಲ. ಮಗನಿಗೆ ಮಾತ್ರ ಸ್ವಲ್ಪ ಬೇಸರವಾದಂತಿತ್ತು.

ಪಾಪ, ಆ ಮಗನ ಕಷ್ಟವೇ ಬೇರೆ. ಇಲ್ಲಿ ಮನೆಯುಳ್ಳ ಗಂಡಸಿನ ಅಂತಸ್ತು ತಿಳಿಯುವುದು ಅವನಿಗೆ ಎಷ್ಟು ಜನ ಗೈಗಳು ಗೊತ್ತು ಎಂಬುದರಿಂದ. ಸೂರು ಸೋರಿದರೆ ರೂಫ್ ಗೈ, ಹುಲ್ಲು ಬೆಳೆದರೆ ಲಾನ್ ಗೈ, ಏಪ್ರಿಲ್ ಬಂದರೆ ಟ್ಯಾಕ್ಸ್ ಗೈ. ಪಕ್ಕದ ಮನೆಯವರು ದನಿ ತಗ್ಗಿಸಿ “ಐ ಹ್ಯಾವ್ ಎ ಗೈ” ಎಂದರೆ ಕೆಲಸ ಆದಂತೆಯೇ. ಇದು ಮಾತ್ರ ಅತ್ತೆಗೆ ಬಿಡಿಸಿ ಹೇಳಬೇಕಾಗಲಿಲ್ಲ. ‘ನಮ್ಮವನೊಬ್ಬ ಇದಾನೆ, ಹೇಳಿ ಮಾಡಿಸೋಣ’ ಎನ್ನುವ ಮಾತಿನ ಮೇಲೆಯೇ ಹಾಸನದಲ್ಲಿ ಅವರ ಮನೆ ಖಾತೆ ಆಗಿತ್ತಂತೆ. ನಮ್ಮವರಿಗೆ ಗೊತ್ತಿರುವ ಗೈಗಳೆಲ್ಲ ಯೂಟ್ಯೂಬಿನವರು. ಅವರನ್ನು ನೋಡಿಕೊಂಡೇ ಏಣಿ ಹತ್ತುತ್ತಾರೆ. ಇಳಿಸುವುದಕ್ಕೆ ನಾನು ಬೇರೆ ಗೈ ಹುಡುಕಬೇಕು.

ಆದರೆ ನಿಜವಾಗಿ ಕಿವಿಗೊಟ್ಟು ಕೇಳಬೇಕಾದ ಗೈ ಬರುವುದು ಹದಿನೇಳರ ಮಗಳ ಬಾಯಲ್ಲಿ. ಅಲ್ಲಿ ಗೈಗಿಂತ ಅದರ ಹಿಂದಿನ ಚೂರು ಪದ ಮುಖ್ಯ. ‘ಸಮ್ ಗೈ’ ಎಂದರೆ ದಾರಿಹೋಕ, ನಿಶ್ಚಿಂತೆ. ‘ಎ ಗೈ’ ಎಂದರೆ ಕ್ಲಾಸಿನವನು. ‘ದಿಸ್ ಗೈ’ ಎಂದು ಒಂದೇ ವಾರದಲ್ಲಿ ಎರಡು ಸಲ ಕೇಳಿಸಿದರೆ ನಾನು ಗ್ಯಾಸ್ ಸಣ್ಣ ಮಾಡುತ್ತೇನೆ. ‘ದ ಗೈ’ ಎಂದ ದಿನ ಅವಳಪ್ಪ ಟೀವಿಯನ್ನೇ ಆರಿಸಿದರು.

ಅತ್ತೆಗೆ ಈ ಸುತ್ತುಬಳಸಿನ ಕಾಯಿಲೆ ಇಲ್ಲ. ಮೊಮ್ಮಗಳು ಫೋನಿಟ್ಟ ಕೂಡಲೇ ಕೇಳಿದರು:

“ಯಾರೇ ಅದು, ಅಷ್ಟೊತ್ತು ಮಾತಾಡಿದ್ದು?”

“ಅಯ್ಯೋ ಅಜ್ಜಿ, ಜಸ್ಟ್ ಎ ಗೈ.”

“ಅದು ಸರಿ ಕಣಮ್ಮ. ಯಾರ ಮನೆ ಗೈ?”