ಲೆಕ್ಕಕ್ಕೆ ಸಿಗದ ಧನರಾಜ

ನಿವೃತ್ತಿಯಾಗುವವರೆಗೆ ಬ್ಯಾಂಕಿನಲ್ಲಿ ಲೆಕ್ಕ ತಾಳೆ ನೋಡುವುದೇ ನನ್ನ ಉದ್ಯೋಗವಾಗಿತ್ತು. ಸಂಜೆ ನಗದಿನಲ್ಲಿ ಒಂದು ರೂಪಾಯಿ ಕಡಿಮೆ ಬಿದ್ದರೂ ಇನ್ನೊಂದು ಚಹಾ ತರಿಸಿಕೊಂಡು ಮೊದಲಿನಿಂದ ಕೂಡುವ ಜಾತಿಯವನು. ಇಂಥವನು ಹೋಗಿ ಹೋಗಿ ಮನಸ್ಸು ಕೊಟ್ಟಿದ್ದು ಗೋಲುಗಳ ಲೆಕ್ಕವೇ ಇಲ್ಲದ ಆಟಗಾರನಿಗೆ. ಧನರಾಜ್ ಪಿಳ್ಳೈ ಭಾರತಕ್ಕಾಗಿ ಆಡಿದ್ದು 339 ಪಂದ್ಯ ಎನ್ನುತ್ತಾರೆ, ಅದೇನೋ ಸರಿ. ಹೊಡೆದ ಗೋಲು ಎಷ್ಟು? ಅದಕ್ಕೆ ನಂಬುವಂಥ ದಾಖಲೆಯೇ ಇಲ್ಲ. ಯಾರೂ ನೆಟ್ಟಗೆ ಬರೆದಿಟ್ಟುಕೊಳ್ಳಲಿಲ್ಲ. ಕೆಲವರು 170ರ ಆಸುಪಾಸು ಎನ್ನುತ್ತಾರೆ. ಆಸುಪಾಸು! ನಮ್ಮ ಬ್ಯಾಂಕಿನಲ್ಲಿ ಈ ಮಾತು ಆಡಿದ್ದರೆ ಸಸ್ಪೆಂಡ್ ಆಗುತ್ತಿದ್ದೆ. ಅನಿಲ್ ಕುಂಬ್ಳೆಯ ಟೆಸ್ಟ್ ವಿಕೆಟ್ ಎಷ್ಟೆಂದು ಮಲಗಿದ ಹುಡುಗನನ್ನು ಎಬ್ಬಿಸಿ ಕೇಳಿ, 619 ಎಂದು ಹೇಳಿ ಮಗ್ಗುಲು ಬದಲಿಸುತ್ತಾನೆ. ಹಾಕಿಯಲ್ಲಿ ಮಾತ್ರ ಹೊಡೆದವನ ಪುಣ್ಯ, ನೋಡಿದವನ ನೆನಪು.

ಪುಣೆಗೆ ವರ್ಗವಾಗಿ ಬಂದವನು ಇಲ್ಲೇ ಉಳಿದೆ, ಅದೂ ಖಡಕಿಯ ಮಗ್ಗುಲಲ್ಲಿ. ಪೇಠೆಗಳ ಪುಣೆಯೇ ಬೇರೆ. ಅದು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕಿಕೊಂಡು ಮಲಗುತ್ತದೆ, ಎದ್ದ ಮೇಲೆ ಅಳೆದು ತೂಗಿ ಮಾತಾಡುತ್ತದೆ. ಖಡಕಿ ಕಂಟೋನ್ಮೆಂಟು. 1817ರಲ್ಲಿ ಪೇಶ್ವೆಯ ಸೈನ್ಯಕ್ಕೂ ಕಂಪನಿಯವರಿಗೂ ಇಲ್ಲಿ ಕಾಳಗವಾಯಿತು. 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು. ಅದರ ಬೆನ್ನಿಗೆ ನಾಲ್ಕೂ ದಿಕ್ಕಿನಿಂದ ಹೊಟ್ಟೆಪಾಡಿನ ಜನ ಬಂದರು. ಇಲ್ಲಿಯ ಬಜಾರಿನಲ್ಲಿ ಒಂದು ಕಿಲೋ ಈರುಳ್ಳಿ ಕೊಳ್ಳುವುದರೊಳಗೆ ನಾಲ್ಕು ಭಾಷೆ ಕಿವಿಗೆ ಬೀಳುತ್ತವೆ.

1968ರ ಜುಲೈ 16ರಂದು ಧನರಾಜ ಹುಟ್ಟಿದ್ದು ಈ ಖಡಕಿಯ ಒಂದು ತಮಿಳು ಮನೆಯಲ್ಲಿ. ತಂದೆ ನಾಗಲಿಂಗಂ ಪಿಳ್ಳೈ ಆರ್ಡ್‌ನನ್ಸ್ ಫ್ಯಾಕ್ಟರಿ ಕಾಲನಿಯಲ್ಲಿ ಮೈದಾನ ನೋಡಿಕೊಳ್ಳುವ ಕೆಲಸದಲ್ಲಿದ್ದರು. ಸಂಬಳ ಸಣ್ಣದು, ಮೈದಾನ ದೊಡ್ಡದು, ಮನೆ ತುಂಬ ಗಂಡುಮಕ್ಕಳು. ಮುರಿದ ಸ್ಟಿಕ್ಕು, ಯಾರೋ ಆಡಿ ಬಿಸಾಡಿದ ಚೆಂಡು, ಮಳೆಗಾಲದ ಕೆಸರು: ಇಷ್ಟರಲ್ಲೇ ಕಲಿಕೆ ನಡೆಯಿತು. ಕಣ್ಣೆದುರಿಗಿದ್ದ ದೇವರು ಮೊಹಮ್ಮದ್ ಶಾಹಿದ್. ಅಣ್ಣ ರಮೇಶ ಮುಂಬಯಿಯ ರಾಷ್ಟ್ರೀಯ ಕೆಮಿಕಲ್ಸ್ ತಂಡದಲ್ಲಿ ಆಡುತ್ತಿದ್ದ. ತಮ್ಮನೂ ಅವನ ಬೆನ್ನು ಹತ್ತಿ ಹೋದ. 1989ರಲ್ಲಿ ಭಾರತ ತಂಡಕ್ಕೆ ಬಂದ.

ಅಲ್ಲಿಂದ ಮುಂದಿನದು ಮಾತ್ರ ನನ್ನಂಥ ಲೆಕ್ಕಿಗನಿಗೂ ಹೋಳಿಗೆ ಊಟ. ನಾಲ್ಕು ಒಲಿಂಪಿಕ್ಸ್, ನಾಲ್ಕು ವಿಶ್ವಕಪ್, ನಾಲ್ಕು ಚಾಂಪಿಯನ್ಸ್ ಟ್ರೋಫಿ, ನಾಲ್ಕು ಏಷ್ಯನ್ ಗೇಮ್ಸ್. ನಾಲ್ಕು ಖಾತೆ, ನಾಲ್ಕರಲ್ಲೂ ನಾಲ್ಕು. ಅಡ್ಡ ಕೂಡಿದರೂ ಉದ್ದ ಕೂಡಿದರೂ ಹದಿನಾರು. ಆದರೆ ಈ ಸಂತೋಷವನ್ನು ಯಾರ ಮುಂದಾದರೂ ಹೇಳಿಕೊಳ್ಳುವ ಹಾಗಿಲ್ಲ. “ಒಲಿಂಪಿಕ್ಸ್ ಪದಕ ಎಷ್ಟು?” ಎಂದು ಕೇಳಿಬಿಡುತ್ತಾರೆ. ಒಂದೂ ಇಲ್ಲ.

ಹೀಗೆ ಕೇಳುವವರಲ್ಲಿ ಮೊದಲಿಗರು ನಮ್ಮ ಮೇಲಿನ ಮಹಡಿಯ ಸುಬೇದಾರರು. ಮಡಿಕೇರಿ ಕಡೆಯವರು. ಸೈನ್ಯದಿಂದ ನಿವೃತ್ತರಾಗಿ, ಮಕ್ಕಳ ಓದಿಗೆಂದು ಪುಣೆಯಲ್ಲೇ ನಿಂತವರು. ಹಾಕಿಯೆಂದರೆ ಕೊಡಗಿನ ಮನೆಯಾಟ, ಉಳಿದವರೆಲ್ಲ ಅಲ್ಲಿಗೆ ಬಂದ ನೆಂಟರು ಎಂಬುದು ಅವರ ಸಿದ್ಧಾಂತ. ವಾದಕ್ಕೆ ಸರಕೂ ಇದೆ. 1973ರ ವಿಶ್ವಕಪ್ಪಿನಲ್ಲಿ ಬೆಳ್ಳಿ ತಂದ ತಂಡಕ್ಕೆ ನಾಯಕ ಎಂ. ಪಿ. ಗಣೇಶ್, 1988ರ ಸೋಲ್ ಒಲಿಂಪಿಕ್ಸ್‌ಗೆ ಎಂ. ಎಂ. ಸೋಮಯ್ಯ. 1997ರಿಂದ ಕೊಡವ ಕುಟುಂಬಗಳ ನಡುವೆ ನಡೆಯುವ ಹಾಕಿ ಹಬ್ಬದಲ್ಲಿ ಅಜ್ಜ-ಮೊಮ್ಮಗ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ ಎಂಬುದನ್ನು ನನಗೆ ಪ್ರತಿ ವರ್ಷವೂ ಹೊಸ ಸುದ್ದಿಯೆಂಬಂತೆ ಹೇಳುತ್ತಾರೆ.

ಧನರಾಜನ ಓಟದ ಬಗ್ಗೆ ಅವರದೇನೂ ತಕರಾರಿಲ್ಲ. ಆ ಉದ್ದ ಕೂದಲು ಹಾರಿಸಿಕೊಂಡು, ಹಗ್ಗ ಕಳಚಿದ ಕರುವಿನ ಹಾಗೆ ಅವನು ಚೆಂಡಿನೊಂದಿಗೆ ನುಗ್ಗಿದರೆ ಸುಬೇದಾರರೂ ಕುರ್ಚಿಯ ಅಂಚಿಗೆ ಬರುತ್ತಿದ್ದರು. ತಕರಾರು ಸ್ವಭಾವದ್ದು. “ಸಿಟ್ಟು ಮೂಗಿನ ಮೇಲೆ, ಕಣ್ಣೀರು ರೆಪ್ಪೆಯ ಮೇಲೆ. ಕ್ಯಾಪ್ಟನ್ ಆದವನು ಹೀಗೆ ಅಳಬಾರದು, ಬ್ಯಾಂಕಿನವರೇ!” 2000ದ ಸಿಡ್ನಿ ಒಲಿಂಪಿಕ್ಸ್ ಅವರ ಮುಖ್ಯ ಸಾಕ್ಷ್ಯ. ಪೋಲೆಂಡ್ ಮೇಲೆ ಗೆದ್ದರೆ ಸೆಮಿಫೈನಲ್. ಒಂದು ಗೋಲು ಮುಂದಿದ್ದೆವು. ಪಂದ್ಯ ಮುಗಿಯಲು ಎರಡು ನಿಮಿಷವೂ ಇಲ್ಲ ಎನ್ನುವಾಗ ಅವರು ಸಮ ಮಾಡಿಬಿಟ್ಟರು. ಧನರಾಜ ಅತ್ತ. ನಾನೂ ಅತ್ತೆ, ಆದರೆ ನನ್ನ ಮೇಲೆ ಕ್ಯಾಮೆರಾ ಇರಲಿಲ್ಲ. ಸುಬೇದಾರರಿಗೆ ನನ್ನ ಉತ್ತರ ಸಿದ್ಧವಿತ್ತು: “ಆವತ್ತು ಕ್ಯಾಪ್ಟನ್ ರಮಣ್‌ದೀಪ್ ಸಿಂಗ್. ಆದ್ದರಿಂದ ಧನರಾಜ ನಿಯಮದ ಪ್ರಕಾರ ಅಳಬಹುದಾಗಿತ್ತು.” ಬ್ಯಾಂಕಿನಲ್ಲಿ ಇಷ್ಟು ವರ್ಷ ಸುತ್ತೋಲೆ ಓದಿದ್ದು ವ್ಯರ್ಥವಾಗಿಲ್ಲ.

ನಿಜ ಹೇಳಬೇಕೆಂದರೆ ಆ ಅಳುವೇ ನನ್ನನ್ನು ಹಿಡಿದದ್ದು. ಗೆದ್ದಾಗ ಕೈಮುಗಿದು, ಸೋತಾಗ “ಮುಂದಿನ ಸಲ ನೋಡೋಣ” ಎಂದು ಮುಗುಳ್ನಗುವ ನಾಯಕರನ್ನು ಗೌರವಿಸುತ್ತೇನೆ, ದೂರದಿಂದ. ಇವನಿಗೆ ಆ ಮುಗುಳ್ನಗೆ ಬರಲೇ ಇಲ್ಲ. ಮೇಲಿನವರ ಮುಂದೆ ಬಾಯಿ ಮುಚ್ಚಿಕೊಂಡಿರುವ ವಿದ್ಯೆಯೂ ಒಲಿಯಲಿಲ್ಲ.

ಬ್ಯಾಂಕಾಕ್ ಕಥೆಯನ್ನೇ ನೋಡಿ. 1998ರ ಏಷ್ಯನ್ ಗೇಮ್ಸ್, ನಾಯಕ ಧನರಾಜ. 1966ರ ನಂತರ ಹಾಕಿಯ ಚಿನ್ನ ನಮ್ಮ ಕೈಗೆ ಬಂದಿರಲಿಲ್ಲ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾ ಎದುರು ಸಮಬಲ, ಆಮೇಲೆ ಪೆನಾಲ್ಟಿ ಸ್ಟ್ರೋಕ್. ಗೋಲಿನಲ್ಲಿ ನಿಂತದ್ದು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ತಡೆದ, ಗೆದ್ದೆವು. ಖಡಕಿಯವನು ನಾಯಕ, ಕನ್ನಡ ನಾಡಿನವನು ಕಾವಲುಗಾರ. ಪುಣೆಯ ಕನ್ನಡಿಗನಿಗೆ ಇದಕ್ಕಿಂತ ಹೆಚ್ಚಿನ ಯೋಗ ಇನ್ನೇನು ಬೇಕು? ಮುಂದೆ ನಡೆದದ್ದು ಕೇಳಿ. ಮೂವತ್ತೆರಡು ವರ್ಷದ ಮೇಲೆ ಚಿನ್ನ ತಂದ ನಾಯಕನನ್ನು, ಬಲ್ಲಾಳ್ ಸೇರಿದಂತೆ ಇನ್ನೂ ಕೆಲವರನ್ನು ಮುಂದಿನ ಸರಣಿಗೆ ತಂಡದಿಂದಲೇ ಕೈಬಿಟ್ಟರು. ವಿಶ್ರಾಂತಿಗಾಗಿ ಎಂದರು. ಆಟಗಾರರಿಗೆ ಸಿಗಬೇಕಾದ ದುಡ್ಡಿನ ಬಗ್ಗೆ ಬಾಯಿಬಿಟ್ಟದ್ದೇ ಕಾರಣ ಎಂದ ಧನರಾಜ. ಆ ವಿಷಯದಲ್ಲಿ ಮಾತ್ರ ಸುಬೇದಾರರೂ ನಾನೂ ಒಂದೇ ಪಕ್ಷ. “ನಮ್ಮಲ್ಲಿ ಗೆದ್ದು ಬಂದವನಿಗೆ ರಜೆ ಕೊಡುತ್ತಾರೆ, ನಿಜ. ಆದರೆ ಅವನು ಕೇಳಿದರೆ!” ಎಂದು ಅವರು ಮೇಜು ಗುದ್ದಿದ ರಭಸಕ್ಕೆ ಕಾಫಿ ಬಸಿಯಲ್ಲಿ ತುಳುಕಿತು.

ಅವನನ್ನು ಬಿಡುವುದು ಸುಲಭ, ಬಿಟ್ಟಿರುವುದು ಕಷ್ಟ. ಮತ್ತೆ ಕರೆದರು. 2003ರಲ್ಲಿ ಕ್ವಾಲಾಲಂಪುರದಲ್ಲಿ ಪಾಕಿಸ್ತಾನವನ್ನು 4-2ರಿಂದ ಸೋಲಿಸಿ ಮೊದಲ ಬಾರಿ ಏಷ್ಯಾ ಕಪ್ ಎತ್ತಿದಾಗ ನಾಯಕ ಅವನೇ, ವಯಸ್ಸು ಮೂವತ್ತೈದು. ಮಾರನೆಯ ವರ್ಷ ಅಥೆನ್ಸ್ ಒಲಿಂಪಿಕ್ಸ್, ಅಲ್ಲಿಗೆ ಅಂತರರಾಷ್ಟ್ರೀಯ ಆಟ ಮುಗಿಯಿತು. ಅಥೆನ್ಸ್ ಬಗ್ಗೆ ನಾನು ಹೆಚ್ಚು ಮಾತಾಡುವುದಿಲ್ಲ.

ಆಡುವುದನ್ನು ಮಾತ್ರ ಅವನು ಬಿಡಲಿಲ್ಲ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಶುರುವಾದಾಗ, ನಲವತ್ಮೂರರ ಧನರಾಜ ಇಳಿದದ್ದು ಕರ್ನಾಟಕ ಲಯನ್ಸ್ ಪರವಾಗಿ. ಪತ್ರಿಕೆ ಹಿಡಿದು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಸುಬೇದಾರರ ಬಾಗಿಲು ಬಡಿದೆ. ತಮಿಳು ಮನೆಯಲ್ಲಿ ಹುಟ್ಟಿ, ಮರಾಠಿ ನೆಲದಲ್ಲಿ ಬೆಳೆದವನು ಕೊನೆಗೆ ಕರ್ನಾಟಕದ ಅಂಗಿ ತೊಟ್ಟ, ಇನ್ನು ಅವನು ನಮ್ಮವನು ಎಂಬುದು ನನ್ನ ವಾದ. ಸುಬೇದಾರರು ಕನ್ನಡಕ ಏರಿಸಿ ಸುದ್ದಿಯನ್ನು ಪೂರ್ತಿ ಓದಿದರು. ತಂಡದ ನಾಯಕನ ಹೆಸರಿನ ಮೇಲೆ ಬೆರಳಿಟ್ಟರು. ಅರ್ಜುನ್ ಹಾಲಪ್ಪ, ಕೊಡಗಿನ ಸೋಮವಾರಪೇಟೆಯ ಹುಡುಗ.

“ನಮ್ಮವನೇ, ಸಂಶಯವೇ ಇಲ್ಲ,” ಎಂದರು. “ಇನ್ನಾದರೂ ಸ್ವಲ್ಪ ಶಿಸ್ತು ಕಲಿಯಲಿ.”