ಬೇಡವೆಂದರೆ ಅರ್ಜಿ, ಬೇಕೆಂದರೆ ಕತ್ತರಿ

ಜೆಕ್ ಪತ್ರಿಕೆಗಳು ದಾನಶೂರರು. ಅಮೆರಿಕದ ಸೆರೆನಾ ವಿಲಿಯಮ್ಸ್ ಅಲ್ಲಿ ಸೆರೆನಾ ವಿಲಿಯಮ್ಸೊವಾ. ಪ್ರಕಾಶಕರೂ ಕಡಿಮೆಯಿಲ್ಲ, ಹ್ಯಾರಿ ಪಾಟರ್ ರಕ್ಷಾಪುಟದ ಮೇಲೆ ಲೇಖಕಿ ರೋಲಿಂಗೊವಾ. ಇಬ್ಬರೂ ಕೇಳಿರಲಿಲ್ಲ. ಹೆಣ್ಣೆಂದ ಮೇಲೆ ಅಡ್ಡಹೆಸರಿಗೆ ‘ಒವಾ’ ಎಂಬ ಬಾಲ ಇರಲೇಬೇಕು, ನವ್ರಾಟಿಲ್ ಮನೆಯ ಮಗಳು ನವ್ರಾಟಿಲೋವಾ ಆದ ಹಾಗೆ.

2022ರ ಜನವರಿಯಿಂದ ಸರ್ಕಾರವೂ ಉದಾರಿಯಾಯಿತು. ಬಾಲ ಬೇಡವೆನ್ನುವ ಹೆಂಗಸು ಒಂದು ಅರ್ಜಿ ಕೊಟ್ಟರೆ ಸಾಕು, ಕಾರಣ ಹೇಳಬೇಕಿಲ್ಲ. ಅದೇ ಕೌಂಟರಿಗೆ ಟ್ರಾನ್ಸ್ ಮಹಿಳೆಯೊಬ್ಬರು ಬಂದು, ‘ಅವರು ಬಿಟ್ಟುಹೋದದ್ದನ್ನು ನನಗಾದರೂ ಕೊಡಿ ಸ್ವಾಮಿ’ ಎಂದರೆ? ಮೊದಲು ಆಪರೇಷನ್ ಆಗಲಿ, ಮಕ್ಕಳಾಗುವ ಶಕ್ತಿಯನ್ನೂ ಕಳೆದುಕೊಂಡು ಬನ್ನಿ, ಆಮೇಲೆ ನೋಡೋಣ ಎನ್ನುತ್ತಿತ್ತು ಕಾನೂನು. ಅಲ್ಲಿಯವರೆಗೆ ಡಾಕ್ಟರ ಪತ್ರ ತೋರಿಸಿದವರಿಗೆ ‘ತಟಸ್ಥ’ ಹೆಸರಿನ ಭಾಗ್ಯ. ಯಾನೂ, ಪೇತ್ರೂ ಎಂಬಂಥ ಅಡ್ಡಹೆಸರುಗಳು ಗಂಡಿಗೂ ಹೆಣ್ಣಿಗೂ ಒಂದೇ. (ಮನಸ್ಸು ಮಾಡಿದರೆ ವ್ಯಾಕರಣವೂ ಎಷ್ಟು ಚೆಂದ ಬಾಯಿ ಮುಚ್ಚಿಕೊಂಡಿರುತ್ತದೆ ನೋಡಿ!) ಆದರೆ ಗುರುತಿನ ಚೀಟಿಯ ಜನನ ಸಂಖ್ಯೆ ಬಾಯಿ ಮುಚ್ಚುವುದಿಲ್ಲ. ಹೆಣ್ಣಾದರೆ ಹುಟ್ಟಿದ ತಿಂಗಳಿಗೆ 50 ಕೂಡಿಸುತ್ತಾರೆ. ಮಾರ್ಚ್ ತಿಂಗಳ ಗಂಡು 03, ಹೆಣ್ಣು 53. ಹೆಸರು ಮುಚ್ಚಿಟ್ಟದ್ದನ್ನು ತಿಂಗಳು ಚಾಡಿ ಹೇಳುತ್ತದೆ.

ಆಪರೇಷನ್ನಿನ ಷರತ್ತು ಸಂವಿಧಾನಬಾಹಿರ ಎಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 2024ರಲ್ಲಿ ಹೇಳಿತು. ಹೇಳಿದ ಮೇಲೂ ಸರ್ಕಾರಕ್ಕೆ ವರ್ಷದ ಮೇಲೆ ಕಾಲಾವಕಾಶ ಕೊಟ್ಟಿತು, ಪಾಪ, ದಣಿದಿರುತ್ತದೆ.

ಪಕ್ಕದ ಪೋಲೆಂಡಿನಲ್ಲಿ ಕತ್ತರಿಯಲ್ಲ, ಕೋರ್ಟು. ದಾಖಲೆಯಲ್ಲಿ ಕೊವಾಲ್ಸ್ಕಿ ಹೋಗಿ ಕೊವಾಲ್ಸ್ಕಾ ಆಗಬೇಕೆಂದರೆ ಹೆತ್ತ ತಂದೆತಾಯಿಯ ಮೇಲೇ ದಾವೆ ಹೂಡಬೇಕಿತ್ತು. ಅಪ್ಪ ಅಮ್ಮ ಒಪ್ಪಿ, ಆಶೀರ್ವಾದ ಮಾಡಿ, ಜೊತೆಗೇ ಬಂದಿದ್ದರೂ ಪ್ರತಿವಾದಿಗಳೇ. ಮಗಳಿಗೀಗ ಐವತ್ತು ವರ್ಷ ಎಂದರೂ ಬಿಡುವಂತಿರಲಿಲ್ಲ. 2011ರಲ್ಲಿ ಸಂಸತ್ತಿಗೆ ಆಯ್ಕೆಯಾದ ಟ್ರಾನ್ಸ್ ಮಹಿಳೆ ಅನ್ನಾ ಗ್ರೊಡ್ಸ್ಕಾ ಈ ಪದ್ಧತಿಯನ್ನು ಬದಲಿಸಲು ಹೋರಾಡಿದರು. ಮಸೂದೆ ಪಾಸಾಯಿತು. 2015ರಲ್ಲಿ ಅಧ್ಯಕ್ಷ ಆಂಜೆಯ್ ದುದಾ ಅದಕ್ಕೆ ವೀಟೊ ಹಾಕಿದರು. ಮಕ್ಕಳು ಹೆತ್ತವರನ್ನು ಕೋರ್ಟಿಗೆ ಎಳೆಯುವ ಈ ಸಂಪ್ರದಾಯ ಇನ್ನೂ ಹತ್ತು ವರ್ಷ ಬಾಳಿತು, 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಸಾಕು ಎನ್ನುವವರೆಗೆ.

ರಷ್ಯಾಕ್ಕೆ ಈ ತಲೆನೋವೇ ಇಲ್ಲ. ದಾಖಲೆಯಲ್ಲಿ ಲಿಂಗ ಬದಲಿಸುವುದನ್ನೇ 2023ರ ಜುಲೈನಲ್ಲಿ ನಿಷೇಧಿಸಿದೆ. ಶೆವ್ಚೆಂಕೊ ಎಂಬ ಅಡ್ಡಹೆಸರಿನವರು ಬಚಾವ್, ಅದಕ್ಕೆ ಗಂಡು ಹೆಣ್ಣು ಭೇದವಿಲ್ಲ ಎಂದುಕೊಳ್ಳಬೇಡಿ. ಅದು ಉಕ್ರೇನಿನ ಹೆಸರು ಎಂಬ ತಕರಾರು ಹಾಗಿರಲಿ, ಅಲ್ಲಿ ಅಡ್ಡಹೆಸರಿನ ಜೊತೆಗೆ ತಂದೆಯ ಹೆಸರನ್ನೂ ಬರೆಯುತ್ತಾರೆ: ಮಗನಾದರೆ ಇವಾನೊವಿಚ್, ಮಗಳಾದರೆ ಇವಾನೊವ್ನಾ.